ಬ್ಯಾಟಲ್ ಬ್ರದರ್ಸ್: ಕತ್ತಿಗಿಂತ ಲೆಕ್ಕ ಹರಿತವಾಗಿರಬೇಕಾದ ಗೇಮ್

ಸಣ್ಣ ತಂಡಗಳು ಮಾಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ಬ್ಯಾಟಲ್ ಬ್ರದರ್ಸ್‌ನಷ್ಟು ಬೈಸಿಕೊಂಡದ್ದು ಅಪರೂಪ. ಬೈದವರೇ ಮರುದಿನ ಹೊಸ ದಂಡು ಕಟ್ಟಿಕೊಂಡು ಕೂರುತ್ತಾರೆ, ಅದು ಬೇರೆ ಮಾತು. ಮಾಡಿದವರು ಜರ್ಮನಿಯ ಹ್ಯಾಂಬರ್ಗ್‌ನ ಓವರ್‌ಹೈಪ್ ಸ್ಟುಡಿಯೋಸ್, ಬೆರಳೆಣಿಕೆಯ ಜನರ ತಂಡ. 2015ರಲ್ಲಿ ಅರ್ಲಿ ಆಕ್ಸೆಸ್ ರೂಪದಲ್ಲಿ, ಅಂದರೆ ಮುಗಿಯುವ ಮೊದಲೇ, ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ಗೆ ಬಂತು, 2017ರ ಮಾರ್ಚ್‌ನಲ್ಲಿ ಪೂರ್ತಿಯಾಯಿತು, ಆಮೇಲೆ 2022ರವರೆಗೂ ಒಂದೊಂದಾಗಿ ಡಿಎಲ್‌ಸಿ (ಮೂಲ ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಸೇರುತ್ತ ಹೋದವು. ಈಗ ಕೊಳ್ಳುವವರಿಗೆ ಸಿಗುವುದು ಚೆನ್ನಾಗಿ ಮಾಗಿದ ಗೇಮ್.

ಇದರಲ್ಲಿ ಲೋಕವನ್ನು ಉಳಿಸುವ ನಾಯಕನಿಲ್ಲ. ಹಣಕ್ಕೆ ಹೊಡೆದಾಡುವ ಒಂದು ಕೂಲಿದಂಡಿದೆ, ಅದರ ಯಜಮಾನಿಕೆ ನಿಮ್ಮದು. ಊರೂರು ಅಲೆದು ಗುತ್ತಿಗೆ ಹಿಡಿಯಬೇಕು, ಕಳ್ಳರನ್ನೋ ಎದ್ದ ಹೆಣಗಳನ್ನೋ ಓರ್ಕ್ ಎಂಬ ರಾಕ್ಷಸರನ್ನೋ ಹೊಡೆಯಬೇಕು, ಬಂದ ಕ್ರೌನ್‌ಗಳಲ್ಲಿ ದಿನಗೂಲಿ ಕೊಟ್ಟು, ಊಟ ಹಾಕಿ, ಮುರಿದ ಕವಚ ರಿಪೇರಿ ಮಾಡಿಸಬೇಕು. ಕಟ್ಟಡ ಕೆಲಸದ ಮೇಸ್ತ್ರಿಗೆ ಇರುವ ತಲೆನೋವೆಲ್ಲ ಇಲ್ಲೂ ಇದೆ. ಆಳು ಸಿಕ್ಕರೆ ಸಾಮಾನಿಲ್ಲ, ಸಾಮಾನು ಸಿಕ್ಕರೆ ಶನಿವಾರದ ಬಟವಾಡೆಗೆ ದುಡ್ಡಿಲ್ಲ. ಒಟ್ಟು 20 ಆಳುಗಳನ್ನು ಇಟ್ಟುಕೊಳ್ಳಬಹುದು, ಕಾಳಗಕ್ಕೆ ಇಳಿಯುವುದು 12 ಮಂದಿ. ಸತ್ತವನು ಸತ್ತ, ಮತ್ತೆ ಎಬ್ಬಿಸುವ ಮಂತ್ರ ನಿಮ್ಮ ಕಡೆಯವರ ಬಳಿ ಇಲ್ಲ.

ಈ ಗೇಮ್ ಅನ್ಯಾಯದ್ದು ಎಂಬ ದೂರು ಎಲ್ಲೆಡೆ ಕೇಳುತ್ತದೆ. ಒಪ್ಪುವುದು ಕಷ್ಟ. ಯಾಕೆ ಸೋತಿರಿ ಎನ್ನುವುದಕ್ಕೆ ಬೇಕಾದ ಪ್ರತಿ ಅಂಕಿಯೂ ಪರದೆಯ ಮೇಲೆಯೇ ಇರುತ್ತದೆ. ಅದನ್ನು ಓದುವುದು ಹೇಗೆಂದು ಮಾತ್ರ ಗೇಮ್ ಬಾಯಿಬಿಟ್ಟು ಹೇಳುವುದಿಲ್ಲ, ತಪ್ಪಿರುವುದು ಅಲ್ಲಿ. ಹಾಗಾಗಿ ಈ ವಿಮರ್ಶೆಯ ಅರ್ಧ ಭಾಗ ಆ ಓದುವ ಕೆಲಸಕ್ಕೇ ಹೋಗುತ್ತದೆ.

ಪೆಟ್ಟು ಬೀಳುವುದರ ಲೆಕ್ಕ

ಹೊಡೆಯುವವನ ಮೆಲೀ ಸ್ಕಿಲ್‌ನಿಂದ (ಹತ್ತಿರದಿಂದ ಹೊಡೆಯುವ ಕೌಶಲ) ಎದುರಾಳಿಯ ಮೆಲೀ ಡಿಫೆನ್ಸ್ (ಅಂಥ ಏಟು ತಪ್ಪಿಸಿಕೊಳ್ಳುವ ಗುಣ) ಕಳೆಯಿರಿ, ಉಳಿದದ್ದೇ ಪೆಟ್ಟು ತಾಗುವ ಶೇಕಡಾವಾರು. ಆಯುಧಕ್ಕೆ ತಕ್ಕ ಸೇರಿಕೆ ಬೇರೆ: ಈಟಿಯ ತಿವಿತಕ್ಕೆ 20, ಕತ್ತಿಯ ಬೀಸಿಗೆ 10. ಹೊಸದಾಗಿ ಸೇರಿದ ಒಬ್ಬನ ಸ್ಕಿಲ್ 55 ಅಂತಿಟ್ಟುಕೊಳ್ಳಿ, ಕೈಯಲ್ಲಿ ಈಟಿ, ಎದುರಿನವನ ಡಿಫೆನ್ಸ್ 10. 65 ಬಂತು. ಎದುರಿನವನು ಸಾಧಾರಣ ಮರದ ಗುರಾಣಿ ಹಿಡಿದಿದ್ದರೆ ಇನ್ನೂ 15 ಕಳೆಯಬೇಕು, 50ಕ್ಕೆ ಇಳಿಯಿತು. ಅವನು ಗುರಾಣಿ ಅಡ್ಡ ಹಿಡಿದು ಶೀಲ್ಡ್‌ವಾಲ್ ಹಾಕಿಕೊಂಡರೆ ಗುರಾಣಿಯ ಲಾಭ ದುಪ್ಪಟ್ಟು, ನಿಮ್ಮದು 35. ಅದೇ ಆಳಿನ ಕೈಗೆ ಈಟಿಯ ಬದಲು ಕೊಡಲಿ ಕೊಟ್ಟಿದ್ದರೆ 15! ಮೊದಲ ವಾರದಲ್ಲಿ ಈಟಿ ಬಿಟ್ಟು ಬೇರೆ ಆಯುಧದ ಕಡೆ ನೋಡಬೇಡಿ ಎಂದು ಬಲ್ಲವರು ಹೇಳುವುದು ಇದಕ್ಕೇ. ಈಟಿಯ ಏಟು ಸಣ್ಣದು, ಆದರೆ ತಾಗುತ್ತದೆ.

ಎದುರಾಳಿಯ ಮೇಲೆ ಮೌಸ್ ಇಟ್ಟರೆ ಈ ಕೂಡು-ಕಳೆಯೆಲ್ಲ ಪಟ್ಟಿಯಾಗಿ ಕಾಣುತ್ತದೆ. ಬಹಳ ಜನ ಅದನ್ನು ನೋಡದೆ ಬರೀ ದೊಡ್ಡ ಅಂಕಿ ನೋಡಿ ಕ್ಲಿಕ್ ಮಾಡುತ್ತಾರೆ. ಪಟ್ಟಿ ನೋಡಿದರೆ ಎರಡು ವಿಷಯ ಗೊತ್ತಾಗುತ್ತದೆ. ಎತ್ತರದ ಜಾಗದಿಂದ ಹೊಡೆದರೆ 10 ಹೆಚ್ಚು, ತಗ್ಗಿನಿಂದ ಹೊಡೆದರೆ 10 ಕಡಿಮೆ. ಒಬ್ಬನನ್ನು ಸುತ್ತುವರಿದರೆ ಮೊದಲನೆಯವನನ್ನು ಬಿಟ್ಟು ಪಕ್ಕದಲ್ಲಿ ನಿಂತ ಪ್ರತಿಯೊಬ್ಬನಿಗೂ 5 ಹೆಚ್ಚು. ಈ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಗುಡ್ಡದ ಕೆಳಗೆ ನಿಂತು, ಮೂವರಿಂದ ಸುತ್ತುವರಿಸಿಕೊಂಡ ಆಳು ಎಂಥ ಶೂರನಾದರೂ ಎರಡು ಸುತ್ತಿನಲ್ಲಿ ಹೋಗುತ್ತಾನೆ.

ಎಷ್ಟೇ ಸ್ಕಿಲ್ ಇದ್ದರೂ ಸಾಧ್ಯತೆ 95 ದಾಟುವುದಿಲ್ಲ, ಎಷ್ಟೇ ಡಿಫೆನ್ಸ್ ಇದ್ದರೂ 5ಕ್ಕಿಂತ ಇಳಿಯುವುದಿಲ್ಲ. 50ರ ಮೇಲಿನ ಡಿಫೆನ್ಸ್‌ಗೆ ಅರ್ಧ ಬೆಲೆ ಮಾತ್ರ. ಬಿದ್ದ ಪೆಟ್ಟುಗಳಲ್ಲಿ ನಾಲ್ಕಕ್ಕೊಂದು ತಲೆಗೆ ಬೀಳುತ್ತದೆ, ತಲೆಗೆ ಬಿದ್ದದ್ದು ಒಂದೂವರೆ ಪಟ್ಟು ನೋಯಿಸುತ್ತದೆ. ಇಷ್ಟು ತಿಳಿದ ಮೇಲೆ ಹೆಲ್ಮೆಟ್ ಇಲ್ಲದೆ ಮುಂದಿನ ಸಾಲಿಗೆ ಆಳನ್ನು ಕಳಿಸುವವರು ಅದೃಷ್ಟವನ್ನು ಬೈಯುವಂತಿಲ್ಲ. ಒಂಬತ್ತು ಸಾವುಗಳಲ್ಲಿ ಐದು ಬರೀ ತಲೆಯ ಸಾವುಗಳೇ ಎನ್ನಿಸುವಷ್ಟು ಈ ತಪ್ಪು ಸಾಮಾನ್ಯ.

ದಣಿವು, ಎಲ್ಲರೂ ಮರೆಯುವ ಅಂಕಿ

ಪ್ರತಿ ಟರ್ನ್‌ಗೆ, ಅಂದರೆ ಆಳಿನ ಒಂದು ಸರದಿಗೆ, ನಡೆಯಲು ಹೊಡೆಯಲು ಖರ್ಚುಮಾಡುವ 9 ಆ್ಯಕ್ಷನ್ ಪಾಯಿಂಟ್. ಒಂದು ಕೈಯ ಆಯುಧದ ಏಟಿಗೆ 4, ಅಂದರೆ ಎರಡು ಏಟು. ಎರಡು ಕೈಯ ಆಯುಧಕ್ಕೆ 6, ಒಂದೇ ಏಟು. ಇದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಕಲಿಯದೇ ಉಳಿಯುವುದು ದಣಿವು. ನಡೆದರೆ ದಣಿವು, ಹೊಡೆದರೆ ದಣಿವು, ಗುರಾಣಿ ಅಡ್ಡ ಹಿಡಿದರೂ ದಣಿವು, ಒಂದು ಟರ್ನ್‌ಗೆ ಇಳಿಯುವುದು 15 ಮಾತ್ರ. ಗುರಾಣಿ, ಕವಚ, ಹೆಲ್ಮೆಟ್‌ಗಳ ಭಾರವೆಲ್ಲ ದಣಿವಿನ ಗರಿಷ್ಠ ಮಿತಿಯಿಂದ ಕಳೆಯುತ್ತದೆ. ಸಾಲದೆಂಬಂತೆ, ಏರಿದ ದಣಿವು ಆಳಿನ ಚುರುಕನ್ನೂ ತಿನ್ನುತ್ತದೆ, ಅಂದರೆ ಮುಂದಿನ ಸುತ್ತಿನಲ್ಲಿ ಅವನ ಸರದಿ ಹಿಂದಕ್ಕೆ ಹೋಗುತ್ತದೆ.

ಇದರಿಂದ ಆಗುವ ಅನಾಹುತ ಹೀಗೆ: ಕಳ್ಳರ ಗುಂಪು ದೂರದಲ್ಲಿ ಕಂಡಿತು, ಆಟಗಾರ ಆತುರಪಟ್ಟು ಭಾರೀ ಕವಚದವರನ್ನು ಜೌಗು ದಾಟಿಸಿ ಓಡಿಸಿದ. ಮುಟ್ಟುವ ಹೊತ್ತಿಗೆ ಅರ್ಧ ದಣಿವು ತುಂಬಿದೆ. ನಾಲ್ಕನೇ ಸುತ್ತಿಗೆ ಅವರು ಒಂದು ಏಟಿಗಿಂತ ಹೆಚ್ಚು ಹೊಡೆಯಲಾರರು, ಎದುರಿನವರು ಎರಡು ಹೊಡೆಯುತ್ತಾರೆ. ಎದುರಾಳಿ ತಾನಾಗಿ ಬರುವಂತಿದ್ದರೆ ಬರಲಿ ಬಿಡಿ. ಗುಡ್ಡ ಹುಡುಕಿ ಸಾಲು ಕಟ್ಟಿ, ಈಟಿಯವರಿಗೆ ಹತ್ತಿರ ಬರುವವರನ್ನು ತಿವಿದು ತಡೆಯುವ ಸ್ಪಿಯರ್‌ವಾಲ್ ಹಾಕಿಸಿ, ಕಾಯಿರಿ. ಅವರ ಕಡೆ ಬಿಲ್ಲುಗಾರರಿದ್ದಾಗ ಮಾತ್ರ ಕಾಯುವುದು ದುಬಾರಿ. ಆಗ ಗುರಾಣಿ ಎತ್ತಿಕೊಂಡೇ ಮುಂದೆ ಹೋಗಬೇಕು, ಇಲ್ಲವೇ ಅವರಿಗೆ ಕಾಣದಂತೆ ಮರ, ದಿಬ್ಬದ ಮರೆಗೆ ಸರಿಯಬೇಕು.

ಪಕ್ಕದಲ್ಲಿ ವೈರಿ ಇರುವಾಗ ಸರಿದುಹೋಗಲು ನೋಡಿದರೆ ಅವನಿಗೆ ಬಿಟ್ಟಿ ಏಟು ಸಿಗುತ್ತದೆ, ಆ ಏಟು ತಾಗಿದರೆ ನಿಮ್ಮವನು ಅಲ್ಲೇ ನಿಲ್ಲುತ್ತಾನೆ. ಗಾಯಾಳುವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾದರೆ ಜಾಗ ಬದಲಿಸುವ ರೊಟೇಷನ್ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇರುವವನೊಬ್ಬ ಹಿಂದಿನ ಸಾಲಿನಲ್ಲಿರಬೇಕು. ಹೊಸಬರು ಈ ಪರ್ಕ್ ಕಡೆ ತಿರುಗಿಯೂ ನೋಡುವುದಿಲ್ಲ. ಹಳಬರು ಒಬ್ಬಿಬ್ಬರಿಗಾದರೂ ಕೊಟ್ಟೇ ಇರುತ್ತಾರೆ.

ಮೊದಲ ದಂಡು ಕಟ್ಟುವುದು

ಮಾಮೂಲಿ ಆರಂಭದಲ್ಲಿ ಮೂವರು ಮಾತ್ರ ಇರುತ್ತಾರೆ, ಹಾಗರ್ಟ್ ಎಂಬ ಕಳ್ಳನ ಬೆನ್ನು ಹತ್ತುವ ಕೆಲಸ ಮೊದಲ ಪಾಠ. ಈ ಪಾಠದಲ್ಲೇ ಇಬ್ಬರು ಸತ್ತರೆ ಗಾಬರಿಯಾಗಬೇಕಿಲ್ಲ, ಆದರೆ ಅವನನ್ನು ಹಿಡಿಯುವ ಮೊದಲು ಕೈಯಲ್ಲಿರುವ ಹಣದಿಂದ ಇನ್ನೂ ಮೂರು ನಾಲ್ಕು ಆಳು ಸೇರಿಸಿಕೊಳ್ಳಿ.

ಯಾರನ್ನು ಸೇರಿಸಬೇಕು? ರೈತರು, ಮರ ಕಡಿಯುವವರು, ಗಣಿ ಕೆಲಸದವರು, ಜಟ್ಟಿಗಳು, ಊರ ಕಾವಲು ಪಡೆಯವರು. ಬಿಲ್ಲಿಗೆ ಕಳ್ಳಬೇಟೆಗಾರ ಸಾಕು. ಒಡೆಯನಿಲ್ಲದೆ ಅಲೆಯುವ ಯೋಧ ಹೆಜ್ ನೈಟ್ ನೋಡಲು ಚೆಂದ, ಅಂಕಿಗಳೂ ಚೆಂದ, ಆದರೆ ಸಾವಿರಗಟ್ಟಲೆ ಕ್ರೌನ್ ಕೇಳುತ್ತಾನೆ, ದಿನಗೂಲಿಯೂ ಅದಕ್ಕೆ ತಕ್ಕಂತೆ. ಮೊದಲ ತಿಂಗಳಲ್ಲಿ ಅವನೊಬ್ಬನಿಗೆ ಸುರಿಯುವ ದುಡ್ಡಿನಲ್ಲಿ ಐದಾರು ಜನರಿಗೆ ಹೆಲ್ಮೆಟ್ ಬರುತ್ತದೆ. ಊರಿನಲ್ಲಿ ಸ್ವಲ್ಪ ದುಡ್ಡು ಕೊಟ್ಟು ಆಳನ್ನು ಪರೀಕ್ಷಿಸುವ ಅವಕಾಶವಿದೆ. ಉಬ್ಬಸದವನೋ ಹೇಡಿಯೋ ಕುಡುಕನೋ ಎನ್ನುವುದು ಆಗ ಬಯಲಾಗುತ್ತದೆ. ಅಗ್ಗದ ಆಳಿಗೆ ಈ ಪರೀಕ್ಷೆ ಬೇಡ, ದುಬಾರಿ ಆಳಿಗೆ ತಪ್ಪಿಸಬೇಡಿ. ಯಾವ ಗುಣಕ್ಕೆ ಎಷ್ಟು ನಕ್ಷತ್ರ (ಹುಟ್ಟು ಪ್ರತಿಭೆಯ ಗುರುತು) ಎನ್ನುವುದು ಮಾತ್ರ ಸೇರಿಸಿಕೊಂಡ ಮೇಲೆಯೇ ಕಾಣುವುದು.

ನಕ್ಷತ್ರದ ಬೆಲೆ ಇಷ್ಟು: ಲೆವೆಲ್ ಏರಿದಾಗಲೆಲ್ಲ ಎಂಟು ಗುಣಗಳಲ್ಲಿ ಮೂರನ್ನು ಆರಿಸಿ ಹೆಚ್ಚಿಸಬೇಕು. ನಕ್ಷತ್ರವಿಲ್ಲದಿದ್ದರೆ ಮೆಲೀ ಸ್ಕಿಲ್ ಒಂದು ಸಲಕ್ಕೆ 1ರಿಂದ 3ರಷ್ಟು ಏರುತ್ತದೆ. 11ನೇ ಲೆವೆಲ್‌ಗೆ ಹತ್ತು ಏರಿಕೆ, ಸರಾಸರಿ 20 ಸೇರಿದಂತಾಯಿತು. 50ರಿಂದ ಶುರುವಾದವನು 70ರಲ್ಲಿ ನಿಲ್ಲುತ್ತಾನೆ, ಕೊನೆಯ ಹಂತದ ಓರ್ಕ್ ವಾರಿಯರ್‌ಗಳೆದುರು ಅದು ಸಾಲದು. 60ರಿಂದ ಶುರುವಾಗಿ ಎರಡು ನಕ್ಷತ್ರ ಹೊತ್ತವನು 85 ದಾಟುತ್ತಾನೆ. ಸ್ಕಿಲ್‌ಗೂ ಡಿಫೆನ್ಸ್‌ಗೂ ನಕ್ಷತ್ರ ಬಿದ್ದ ರೈತನೊಬ್ಬ ಸಿಕ್ಕರೆ ಅವನು ಬಂಗಾರ. ಎಷ್ಟೇ ಲೆವೆಲ್ ಏರಿದರೂ ಅವನ ಕೂಲಿ ನೈಟ್‌ನ ಕೂಲಿಯಷ್ಟಾಗುವುದಿಲ್ಲ. ಉಳಿದವರನ್ನು ಸಾಕಬೇಕು, ಬಳಸಬೇಕು, ಒಳ್ಳೆಯವನು ಸಿಕ್ಕಾಗ ಜಾಗ ಖಾಲಿ ಮಾಡಿಸಬೇಕು. ಹೆಸರಿಟ್ಟು ಮುದ್ದು ಮಾಡಿದ ಆಳನ್ನು ಹೀಗೆ ಕಳಿಸುವುದು ಕಷ್ಟವೇ.

ಸಾಲು ಕಟ್ಟುವ ಬಗೆ: ಮುಂದೆ ನಾಲ್ವರು ಈಟಿ ಗುರಾಣಿಯವರು, ಅವರ ಬೆನ್ನಿಗೆ ಎರಡು ಮನೆ (ಕಾಳಗದ ನೆಲದ ಷಟ್ಕೋನದ ಖಾನೆ) ದೂರ ತಲುಪುವ ಆಯುಧದ ಇಬ್ಬರು ಮೂವರು, ತುದಿಯಲ್ಲಿ ಒಬ್ಬ ಬಿಲ್ಲಿನವನು. ಹುಲ್ಲೆತ್ತುವ ಕವೆಗೋಲು ಪುಡಿಗಾಸಿಗೆ ಸಿಗುತ್ತದೆ, ಆರಂಭಕ್ಕೆ ಧಾರಾಳವಾಯಿತು. ಹಿಂದೆ ನಿಂತವನಿಗೆ ಕವಚ ಕಡಿಮೆ ಇದ್ದರೂ ನಡೆಯುತ್ತದೆ, ಸುಮ್ಮನೆ ಅನುಭವ ಗಳಿಸುತ್ತಾನೆ. ಉದ್ದ ಆಯುಧದಿಂದ ಪಕ್ಕದ ಮನೆಯವನನ್ನೇ ಹೊಡೆಯಲು ಹೋದರೆ 15 ಕಳೆಯುತ್ತದೆ ಎನ್ನುವುದು ನೆನಪಿರಲಿ.

ಗುತ್ತಿಗೆಯ ಮೇಲೆ ಅದೆಷ್ಟು ಕಷ್ಟವೆಂದು ಹೇಳುವ ತಲೆಬುರುಡೆಗಳಿರುತ್ತವೆ, ಒಂದರಿಂದ ಮೂರು. ಮೊದಲ ದಿನಗಳಲ್ಲಿ ಒಂದರದ್ದು ಸಾಕು. ಮಾತುಕತೆಯಲ್ಲಿ ಹೆಚ್ಚು ಕೇಳಬಹುದು, ಮುಂಗಡ ಕೇಳಬಹುದು, ತೀರಾ ಜಗ್ಗಿದರೆ ಅವರೇ ಎದ್ದು ಹೋಗುತ್ತಾರೆ. ಗಾಬ್ಲಿನ್ ಎಂಬ ಪದ ಕಂಡರೆ ಎಷ್ಟೇ ಹಣವಿದ್ದರೂ ಆರಂಭದಲ್ಲಿ ಬೇಡ. ಓರ್ಕ್ ದೊಡ್ಡದು, ಗಾಬ್ಲಿನ್ ಚಿಕ್ಕದು ಎಂದು ಮೋಸ ಹೋಗುವವರು ಬಹಳ. ಆ ಚಿಕ್ಕದ್ದು ದೂರದಿಂದ ವಿಷದ ಬಾಣ ಬಿಡುತ್ತದೆ, ನಿಮ್ಮ ಭಾರದ ಆಳು ಹತ್ತಿರ ಹೋಗುವಷ್ಟರಲ್ಲಿ ಓಡುತ್ತದೆ, ಜೊತೆಗೊಬ್ಬ ಮಾಂತ್ರಿಕ ಶಾಮನ್ ಇದ್ದರೆ ಬೇರುಗಳಿಂದ ಕಾಲು ಕಟ್ಟಿಹಾಕುತ್ತಾನೆ. ಅವುಗಳ ಮೇಲೆ ಕಾವಲು ನಾಯಿ ಬಿಡಿ. ನಾಯಿ ಬಿಲ್ಲುಗಾರ ಗಾಬ್ಲಿನ್ ಪಕ್ಕಕ್ಕೆ ಹೋಗಿ ನಿಂತರೆ ಸಾಕು, ಅದು ಬಾಣ ಬಿಡುವುದು ನಿಲ್ಲಿಸಿ ನಾಯಿಯೊಂದಿಗೆ ಒದ್ದಾಡುತ್ತದೆ. ಹೆಣ ಎಬ್ಬಿಸುವ ನೆಕ್ರೊಮ್ಯಾನ್ಸರ್‌ಗೂ ಇದೇ ಮದ್ದು.

ಚೂರಿಯ ಕೆಲಸ

ಈ ಗೇಮ್‌ನಲ್ಲಿ ದಂಡಿನ ನಿಜವಾದ ಬಲ ಲೆವೆಲ್‌ನಲ್ಲಿಲ್ಲ, ಕವಚದಲ್ಲಿದೆ. ಅಂಗಡಿಯಲ್ಲಿ ಒಳ್ಳೆಯ ಕವಚದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾದರೆ ಎಲ್ಲಿಂದ ತರುವುದು? ಎದುರಾಳಿಯ ಮೈಮೇಲಿಂದ. ಸತ್ತವನ ಕವಚ ಹೆಚ್ಚು ಹಾಳಾಗದೆ ಉಳಿದಿದ್ದರೆ ಲೂಟಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸುತ್ತಿಗೆ, ಕೊಡಲಿಯಿಂದ ಹೊಡೆದು ಕೊಂದರೆ ಉಳಿಯುವುದು ತಗಡು.

ಆದ್ದರಿಂದ ಹೀಗೆ ಮಾಡಬೇಕು. ಕಳ್ಳರ ನಾಯಕ ಒಳ್ಳೆಯ ಕವಚ ತೊಟ್ಟಿದ್ದಾನೆ. ಮೊದಲು ಅವನ ಸುತ್ತಲಿನವರನ್ನೆಲ್ಲ ಮುಗಿಸಿ, ಅಷ್ಟರವರೆಗೂ ಅವನೆದುರು ಗುರಾಣಿ ಅಡ್ಡ ಹಿಡಿದ ಒಬ್ಬನನ್ನು ನಿಲ್ಲಿಸಿ, ಅವನಿಗೆ ವಾಪಸ್ ಹೊಡೆಯುವ ಕೆಲಸ ಬೇಡ. ಉಳಿದವರು ಬಿಡುವಾದ ಮೇಲೆ ನಾಯಕನನ್ನು ಸುತ್ತುವರಿಯಿರಿ. ಬಲೆ ಇದ್ದರೆ ಎಸೆಯಿರಿ, ಬಲೆಯಲ್ಲಿ ಸಿಕ್ಕವನ ಡಿಫೆನ್ಸ್ ಕುಸಿಯುತ್ತದೆ. ಈಗ ಪ್ರತಿಯೊಬ್ಬನೂ ಚೀಲದಿಂದ ಚೂರಿ ತೆಗೆಯಲಿ. ಚೂರಿಗೆ ಪಂಕ್ಚರ್ ಎಂಬ ಏಟಿದೆ. ಅದು ಕವಚವನ್ನು ಮುಟ್ಟುವುದೇ ಇಲ್ಲ, ಸಂದಿಯಿಂದ ನೇರ ಮೈಗೆ ಇಳಿಯುತ್ತದೆ. ತಾಗುವ ಸಾಧ್ಯತೆಯಲ್ಲಿ 15 ಕಡಿಮೆ, ಆದರೆ ಐವರು ಸುತ್ತ ನಿಂತರೆ 20 ಸೇರುತ್ತದೆ, ಲೆಕ್ಕ ಸರಿಹೋಯಿತು. ಎರಡು ಮೂರು ಸುತ್ತಿನಲ್ಲಿ ಆಸಾಮಿ ಬೀಳುತ್ತಾನೆ, ಕವಚ ಹೊಸದರಂತೆ ಕೈಗೆ ಬರುತ್ತದೆ.

ತಪ್ಪುವುದು ಎಲ್ಲಿ? ಚೂರಿ ತೆಗೆಯಲು ಆ್ಯಕ್ಷನ್ ಪಾಯಿಂಟ್ ಖರ್ಚಾಗುತ್ತದೆ ಎನ್ನುವುದನ್ನು ಮರೆತು, ಸುತ್ತಿನ ಮಧ್ಯೆ ಆಯುಧ ಬದಲಿಸಿ ಬರಿಗೈಲಿ ಹೊಡೆತ ತಿನ್ನುವುದು. ಆಸೆ ಬಿದ್ದು ಇನ್ನೂ ನಾಲ್ವರು ಎದುರಾಳಿಗಳಿರುವಾಗಲೇ ಚೂರಿ ಹಿಡಿಯುವುದು. ಎದುರಾಳಿ ಎರಡು ಕೈಯ ಕೊಡಲಿಯವನಾಗಿದ್ದಾಗ ಸುತ್ತುವರಿಯುವುದು. ಅವನು ಸುತ್ತು ಬೀಸಿದರೆ ಸುತ್ತ ನಿಂತ ಆರು ಮಂದಿಗೂ ಒಟ್ಟಿಗೆ ಬೀಳುತ್ತದೆ. ನಿಮ್ಮವನ ಕೈಗೆ ಆ ಕೊಡಲಿ ಕೊಟ್ಟರೂ ಇದೇ ಅಪಾಯ, ಪಕ್ಕದಲ್ಲಿ ನಿಂತ ಗೆಳೆಯರೆಂದು ಅದು ನೋಡುವುದಿಲ್ಲ.

ಸಿಕ್ಕ ಕವಚ ಹರಿದಿದ್ದರೆ ಸಂಚಿಯಲ್ಲಿಟ್ಟೇ ರಿಪೇರಿ ಮಾಡಿಸಬಹುದು. ಆಲ್ಟ್ ಒತ್ತಿ ಹಿಡಿದು ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ದಂಡು ನಡೆಯುತ್ತಿರುವಾಗಲೇ ಕೆಲಸ ಸಾಗುತ್ತದೆ, ಸಲಕರಣೆ ಖರ್ಚಾಗುತ್ತದೆ. ಮಾರುವ ಮಾಲನ್ನೂ ರಿಪೇರಿ ಮಾಡಿ ಮಾರಿದರೆ ಹೆಚ್ಚು ಬೆಲೆ. ಆದರೆ ಸಲಕರಣೆಯ ಬೆಲೆ ಊರಿಂದೂರಿಗೆ ಬದಲಾಗುತ್ತದೆ, ಅಗ್ಗದ ತಗಡಿಗೆ ದುಬಾರಿ ಸಲಕರಣೆ ಸುರಿಯುವುದು ನಷ್ಟದ ವ್ಯಾಪಾರ.

ಭಾರವೋ ಹಗುರವೋ

ಪರ್ಕ್ ಮರ ಎಲ್ಲ ಆಳಿಗೂ ಒಂದೇ. 11ನೇ ಲೆವೆಲ್‌ವರೆಗೆ ಹತ್ತು ಪರ್ಕ್ ಸಿಗುತ್ತವೆ. ಅವುಗಳಲ್ಲಿ ದೊಡ್ಡ ತೀರ್ಮಾನ ಒಂದೇ: ಬ್ಯಾಟಲ್ ಫೋರ್ಜ್ಡೋ ನಿಂಬಲ್ಲೋ.

ಬ್ಯಾಟಲ್ ಫೋರ್ಜ್ಡ್ ಇದ್ದರೆ, ಮೈಮೇಲೆ ಆ ಹೊತ್ತಿಗೆ ಉಳಿದ ಒಟ್ಟು ಕವಚದ ಶೇ 5ರಷ್ಟು, ಕವಚಕ್ಕೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಕೋಟ್ ಆಫ್ ಪ್ಲೇಟ್ಸ್ 320, ಫುಲ್ ಹೆಲ್ಮ್ 300, ಒಟ್ಟು 620. ಅದರ ಶೇ 5 ಅಂದರೆ 31. ಪೆಟ್ಟಿನ ಮೂರನೇ ಒಂದು ಭಾಗ ಹತ್ತಿರ ಹತ್ತಿರ ಮಾಯ. ಹಾಗೇ ಆ ಕವಚ 42, ಹೆಲ್ಮೆಟ್ 20 ದಣಿವು ತಿನ್ನುತ್ತವೆ. ಮೂಲ ದಣಿವು 100 ಇದ್ದವನಿಗೆ ಗುರಾಣಿ ಆಯುಧ ಸೇರಿಸುವ ಮೊದಲೇ 38 ಉಳಿಯಿತು! ಭಾರದ ಶೇ 30 ಇಳಿಸುವ ಬ್ರಾನಿ ಪರ್ಕ್ ಇಲ್ಲದೆ ಇದು ನಡೆಯುವುದಿಲ್ಲ. ನಿಂಬಲ್ ಇದಕ್ಕೆ ತದ್ವಿರುದ್ಧ. ಕವಚ, ಹೆಲ್ಮೆಟ್ ಎರಡರ ಭಾರವೂ ಸೇರಿ 15ರೊಳಗೆ ಇದ್ದರೆ ಮೈಗೆ ಬೀಳುವ ಪೆಟ್ಟು ಶೇ 60 ಇಳಿಯುತ್ತದೆ. 15 ದಾಟಿದಂತೆ ಲಾಭ ಕರಗುತ್ತದೆ. ಹಿಟ್‌ಪಾಯಿಂಟ್ (ಜೀವದ ಅಂಕಿ) ಹೆಚ್ಚಿರುವವನಿಗೆ, ಅದನ್ನು ಇನ್ನೂ ಏರಿಸುವ ಕೊಲೊಸಸ್ ಪರ್ಕ್ ಜೊತೆ ಕೊಟ್ಟರೆ ಅಗ್ಗದ ಬಟ್ಟೆಯಲ್ಲೇ ಬದುಕುತ್ತಾನೆ. ದುಡ್ಡಿಲ್ಲದ ನಡುಹಂತದಲ್ಲಿ ಈ ಎರಡನೆಯ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಎರಡರ ನಡುವೆ ಕಾಲಿಟ್ಟು, 200ರ ಕವಚಕ್ಕೆ ನಿಂಬಲ್ ಕೊಡುವುದು ಮಾತ್ರ ಪರ್ಕ್ ಬಾವಿಗೆ ಹಾಕಿದಂತೆ.

ಉಳಿದವುಗಳ ಬಗ್ಗೆ ಚುಟುಕಾಗಿ: ಅನುಭವ ಬೇಗ ಗಳಿಸಿಕೊಡುವ ಸ್ಟೂಡೆಂಟ್ ತೆಗೆದುಕೊಂಡರೆ ನಷ್ಟವಿಲ್ಲ, 11ನೇ ಲೆವೆಲ್‌ನಲ್ಲಿ ಆ ಪರ್ಕ್ ವಾಪಸ್ ಬರುತ್ತದೆ. ಪೋಲ್‌ಆರ್ಮ್ ಮಾಸ್ಟರಿ ಇದ್ದರೆ ಉದ್ದ ಆಯುಧದ ಏಟು 6ರಿಂದ 5ಕ್ಕೆ ಇಳಿಯುತ್ತದೆ, ಒಂದು ಮನೆ ನಡೆದು ಹೊಡೆದು ಹಿಂದೆ ಸರಿಯಲು ಅನುಕೂಲ. ಧ್ವಜ ಹಿಡಿಯುವವನಿಗೆ ಕೆಚ್ಚು ಬೇಕು, ಅದನ್ನು ಏರಿಸುವ ಫೋರ್ಟಿಫೈಡ್ ಮೈಂಡ್ ಅವನಿಗೇ ಕೊಡಿ. ಧೈರ್ಯ ಕುಂದಿದಂತೆ ಆಳಿನ ಸ್ಕಿಲ್ಲೂ ಡಿಫೆನ್ಸೂ ಮೊದಲು ಶೇ 10, ಆಮೇಲೆ 20, ಓಡಲು ಶುರುಮಾಡಿದಾಗ 30 ಇಳಿಯುತ್ತದೆ. ಒಬ್ಬ ಓಡಿದರೆ ನೋಡಿದವನೂ ಅಳುಕುತ್ತಾನೆ. ದಂಡುಗಳು ಮುಳುಗುವುದು ಹೀಗೇ, ಒಂದೇ ಸುತ್ತಿನಲ್ಲಿ.

ಎದುರಾಳಿಗೆ ತಕ್ಕ ಆಯುಧ ಇಟ್ಟುಕೊಳ್ಳುವುದನ್ನೂ ಗೇಮ್ ತಾನಾಗಿ ಹೇಳುವುದಿಲ್ಲ. ಅಸ್ಥಿಪಂಜರಗಳಿಗೆ ಬಾಣ ಹೊಡೆದರೆ ಬಾಣ ದಂಡ, ಗದೆ ಸುತ್ತಿಗೆ ಬೇಕು. ಎದ್ದ ಹೆಣಗಳು ಬಿದ್ದ ಮೇಲೂ ಏಳುತ್ತವೆ, ಮಚ್ಚಿನಿಂದ ತಲೆ ಹಾರಿಸಿದರೆ ಏಳುವುದಿಲ್ಲ. ನಾಖ್‌ಜೆಹ್ರರ್‌ಗಳು ಹೆಣ ತಿಂದು ದೊಡ್ಡದಾಗುತ್ತವೆ, ಆದ್ದರಿಂದ ಹೆಣ ಬಿದ್ದ ಮನೆಯ ಮೇಲೆ ನಿಮ್ಮ ಆಳು ನಿಂತಿರಲಿ. ಗುರಾಣಿ ಹಿಡಿದ ಎದುರಾಳಿಗಳನ್ನು ಹೊಡೆಯಲು ಸರಪಳಿಯ ಫ್ಲೇಲ್, ಅದು ಗುರಾಣಿಯ ಲಾಭವನ್ನು ಲೆಕ್ಕಕ್ಕಿಡುವುದಿಲ್ಲ.

ಯಾವ ಡಿಎಲ್‌ಸಿ

ಮೂಲ ಗೇಮ್ ಒಂದೇ ಕೊಂಡರೂ ನಷ್ಟವಿಲ್ಲ. ಲಿಂಡ್‌ವರ್ಮ್ ಉಚಿತ, 2022ರ ಆಫ್ ಫ್ಲೆಶ್ ಅಂಡ್ ಫೇತ್ ಕೂಡ ಉಚಿತ, ಎರಡನ್ನೂ ಹಾಕಿಕೊಳ್ಳಿ. ದುಡ್ಡು ಕೊಡಬೇಕಾದವುಗಳಲ್ಲಿ ಮೊದಲು 2018ರ ಬೀಸ್ಟ್ಸ್ ಅಂಡ್ ಎಕ್ಸ್‌ಪ್ಲೊರೇಷನ್. ಜೇಡಗಳು, ಅನ್‌ಹೋಲ್ಡ್ ಎಂಬ ದೈತ್ಯರು, ನಿದ್ದೆಗೆ ದೂಡುವ ಆಲ್ಪ್, ನಿಮ್ಮ ಆಳನ್ನೇ ಮರುಳುಮಾಡಿ ನಿಮ್ಮ ಮೇಲೆ ತಿರುಗಿಸುವ ಹೆಕ್ಸೆ, ಕೊಂದ ಪ್ರಾಣಿಯ ಚರ್ಮ ಮೂಳೆಯಿಂದ ಸಾಮಾನು ಮಾಡಿಸುವ ಅಂಗಡಿ. ಇದಿಲ್ಲದ ನಕ್ಷೆ ಖಾಲಿ ಎನ್ನಿಸುತ್ತದೆ. 2019ರ ವಾರಿಯರ್ಸ್ ಆಫ್ ದ ನಾರ್ತ್‌ನಲ್ಲಿ ಉತ್ತರದ ಬಾರ್ಬೇರಿಯನ್‌ಗಳಿಗಿಂತ ಹೆಚ್ಚು ಬೆಲೆಬಾಳುವುದು ಬೇರೆ ಬೇರೆ ಆರಂಭಗಳು. ಎರಡನೇ ಸಲ ಆಡುವವರಿಗೆ ರೈತ ಪಡೆ ಚೆನ್ನ, ಅದರಲ್ಲಿ 12ರ ಬದಲು 16 ಮಂದಿ ಕಾಳಗಕ್ಕಿಳಿಯುತ್ತಾರೆ. ಲೋನ್ ವುಲ್ಫ್‌ನಲ್ಲಿ ನೀವೇ ಒಬ್ಬ ಯೋಧ, ನೀವು ಸತ್ತರೆ ಆಟ ಮುಗಿಯಿತು. 2020ರ ಬ್ಲೇಜಿಂಗ್ ಡೆಸರ್ಟ್ಸ್ ದೊಡ್ಡದು: ದಕ್ಷಿಣದ ಮರಳುಗಾಡು, ಅಲ್ಲಿನ ನಗರಗಳು, ಮದ್ದುಗುಂಡಿನ ಆಯುಧ, ಮೂವರನ್ನು ಇಳಿಸಿ ಪಂದ್ಯವಾಡುವ ಅರೇನಾ. ಅರೇನಾ ನಿಧಾನ ಗಳಿಕೆಗೆ ಒಳ್ಳೆಯ ದಾರಿ. ಇದರ ಜೊತೆಗೆ ಬಂದ ಹಿಂಬಾಲಕರಲ್ಲಿ (ಕಾಳಗಕ್ಕಿಳಿಯದೆ ದಂಡಿಗೆ ನೆರವಾಗುವವರು) ಸರ್ಜನ್‌ನನ್ನು ಬೇಗ ಸೇರಿಸಿಕೊಳ್ಳಿ. ಹಳೆಯ ಶಾಶ್ವತ ಗಾಯವಿಲ್ಲದ ಆಳು ಸಾಯುವ ಪೆಟ್ಟು ತಿಂದರೂ ಅವನು ಬದುಕಿಸುತ್ತಾನೆ, ಒಂದು ಕಣ್ಣೋ ಕಾಲೋ ಹೋಗಿರುತ್ತದೆ ಅಷ್ಟೆ. ಮೂರನ್ನೂ ಒಟ್ಟಿಗೆ ರಿಯಾಯಿತಿಯ ದಿನಗಳಲ್ಲಿ ಕೊಳ್ಳುವುದು ಜಾಣತನ. ಪೂರ್ತಿ ಬೆಲೆಗೆ ಕೊಳ್ಳುವ ಆತುರ ಬೇಡ.

ಮೆಚ್ಚಲಾಗದ್ದು

ನಡುಹಂತ ಎಳೆಯುತ್ತದೆ. ದಂಡು ಒಂಬತ್ತು ಹತ್ತು ಜನಕ್ಕೆ ಬಂದ ಮೇಲೆ, ಕೊನೆಯ ಹಂತದ ದೊಡ್ಡ ಸಂಕಟ ಶುರುವಾಗುವವರೆಗೆ ಅದೇ ಪತ್ರ ತಲುಪಿಸು, ಅದೇ ಬಂಡಿ ಕಾಯು, ಅದೇ ಗೋರಿ ಶುಚಿಮಾಡು. ಗುತ್ತಿಗೆಯ ಮಾತುಗಳೂ ಮರುಕಳಿಸುತ್ತವೆ. ದಾರಿಯ ನಡುವೆ ಬರುವ ಘಟನೆಗಳ ಬರಹ ಮಾತ್ರ ನಿಜಕ್ಕೂ ಚೆನ್ನಾಗಿದೆ, ಕರಾಳ ಹಾಸ್ಯ ಬಲ್ಲವರು ಬರೆದದ್ದು. ಆದರೆ ಅದೆಲ್ಲ ಗಟ್ಟಿ ಇಂಗ್ಲಿಷ್, ಕನ್ನಡದ ಮಾತಂತೂ ಇಲ್ಲ. ಕಾಳಗಕ್ಕೆ ಅಂಕಿ ಓದಿದರೆ ಸಾಕು, ಘಟನೆಗಳಿಗೆ ಓದು ಬೇಕು.

ದೊಡ್ಡ ಕಾಳಗಗಳು ಬಹಳ ಹೊತ್ತು ತಿನ್ನುತ್ತವೆ. ಇಪ್ಪತ್ತು ಮೂವತ್ತು ಹೆಣಗಳು ಒಂದೊಂದಾಗಿ ತೆವಳುವುದನ್ನು ನೋಡುತ್ತ ಕೂತರೆ ಒಂದು ಕಾಫಿ ಮುಗಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎದುರಾಳಿಯ ಚಲನೆ ವೇಗವಾಗಿಸುವ ಆಯ್ಕೆಯನ್ನು ಮೊದಲ ದಿನವೇ ಹಾಕಿಕೊಳ್ಳಿ. ತಪ್ಪಿ ಕ್ಲಿಕ್ ಮಾಡಿದರೆ ಹಿಂದೆ ತೆಗೆದುಕೊಳ್ಳುವ ಅವಕಾಶವಿಲ್ಲ, ಕಾಳಗದ ಮಧ್ಯೆ ಸೇವ್ ಮಾಡಲೂ ಬರುವುದಿಲ್ಲ. ಹಳೆಯ ಸೇವ್‌ಗೆ ಮರಳಲು ಬಿಡದ ಐರನ್‌ಮ್ಯಾನ್‌ನಲ್ಲಿ ಆಡುವುದೇ ಗಂಡಸುತನ ಎಂಬ ಮಾತು ಅಲ್ಲಿ ಇಲ್ಲಿ ಕೇಳುತ್ತದೆ, ಕಿವಿಗೊಡಬೇಡಿ. ಮೊದಲ ಸಲ ಬಿಗಿನರ್ ಕಾಳಗ, ಹೆಚ್ಚು ಆರಂಭಿಕ ಹಣ, ಐರನ್‌ಮ್ಯಾನ್ ಇಲ್ಲ. ಬಿಗಿನರ್ ಕೂಡ ಮೆತ್ತಗಿಲ್ಲ.

ಚಿತ್ರಗಳ ಬಗ್ಗೆ ಎರಡು ಮಾತು. ಆಳುಗಳಿಗೆ ಕಾಲೇ ಇಲ್ಲ, ಎದೆಮಟ್ಟದ ಗೊಂಬೆಗಳು ಷಟ್ಕೋನದ ಮನೆಗಳ ಮೇಲೆ ಕೂತಿರುತ್ತವೆ. ಮೊದಲ ನೋಟಕ್ಕೆ ನಗು ಬರಬಹುದು. ಆದರೆ ತೊಟ್ಟ ಹೆಲ್ಮೆಟ್, ಹರಿದ ಕವಚ, ಮುಖದ ಗಾಯ ಎಲ್ಲವೂ ಆ ಗೊಂಬೆಯ ಮೇಲೆ ಕಾಣುವುದರಿಂದ ಒಂದೇ ನೋಟಕ್ಕೆ ಯಾರ ಸ್ಥಿತಿ ಏನೆಂದು ತಿಳಿಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಕಥೆ ಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ. ಅವರು ಸ್ಪೈಡರ್‌ವೆಬ್ ಸಾಫ್ಟ್‌ವೇರ್‌ನ ಅವರ್ನಮ್: ಎಸ್ಕೇಪ್ ಫ್ರಮ್ ದ ಪಿಟ್ ನೋಡಲಿ, ನೆಲದಡಿಯ ಲೋಕ, ಓದಲು ಬೇಕಾದಷ್ಟು ಮಾತು. ಪಾತ್ರಗಳು ಬೆಳೆದು ಮುದುಕರಾಗುವುದನ್ನು ನೋಡಬೇಕೆಂದರೆ ವೈಲ್ಡರ್‌ಮಿತ್. ಬ್ಯಾಟಲ್ ಬ್ರದರ್ಸ್‌ನಲ್ಲಿ ಕಥೆ ಹುಟ್ಟುವುದು ನಿಮ್ಮ ಆಳುಗಳ ಅಂಕಿಗಳಿಂದ ಮಾತ್ರ.

ಅನುಮಾನವಿದ್ದರೆ ಸ್ಟೀಮ್‌ನ ಹಣ ವಾಪಸ್ ನಿಯಮ ಬಳಸಿ: ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಯೊಳಗೆ. ಆ ಎರಡು ಗಂಟೆಯನ್ನು ನಕ್ಷೆ ಅಲೆಯುತ್ತ ಕಳೆಯಬೇಡಿ. ಏಳು ಜನ ಸೇರಿಸಿ, ಎಲ್ಲರಿಗೂ ಏನಾದರೊಂದು ಹೆಲ್ಮೆಟ್ ಹಾಕಿಸಿ, ಮುಂದೆ ಈಟಿ ಹಿಂದೆ ಕವೆಗೋಲು ಇಟ್ಟು, ಒಂದು ತಲೆಬುರುಡೆಯ ಗುತ್ತಿಗೆ ಎರಡು ಮುಗಿಸಿ. ಯಾರಾದರೂ ಸತ್ತಾಗ ಆ ಏಟಿನ ಪಟ್ಟಿ ತೆರೆದು ನೋಡಬೇಕು ಎನ್ನಿಸಿದರೆ ಗೇಮ್ ಇಟ್ಟುಕೊಳ್ಳಿ. ಬರೀ ಸಿಟ್ಟು ಬಂದರೆ ಎರಡು ಗಂಟೆ ತುಂಬುವ ಮೊದಲೇ ವಾಪಸ್ ಅರ್ಜಿ ಹಾಕಿ.